ರೈತರ ಮುಂದೆ ನನ್ನ ಸಂಶೋಧನೆ ಹೇಗೆ ಹೇಳಲಿ?

ಅಡಿಕೆ ಕೊಳೆರೋಗದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಮುಂದಿನ ತಿಂಗಳು ನಮ್ಮೂರ ಸೊಸೈಟಿಯಲ್ಲಿ ಬೆಳೆಗಾರರ ಮುಂದೆ ಅರ್ಧ ಗಂಟೆ ಮಾತಾಡಬೇಕು. ಅವರಿಗೆ ಬೇಜಾರಾಗದ ಹಾಗೆ ಹೇಳುವುದು ಹೇಗೆ? ಅನುಭವ ಇದ್ದವರು ತಿಳಿಸಿ.

ಉತ್ತರ 1
ನಾನೂ ಕೊಳೆಯ ಮೇಲೇ ಕೆಲಸ ಮಾಡಿದವನು. ಮೊದಲ ಸಲ ಕೊಳೆ ತರುವ ರೋಗಾಣು ಫೈಟಾಫ್ತೊರಾದ ಜೀವನಚಕ್ರದಿಂದ ಶುರು ಮಾಡಿ ನಲವತ್ತು ಸ್ಲೈಡ್ ತೋರಿಸಿದೆ. ಕೊನೆಗೆ ಹಿರಿಯರೊಬ್ಬರು ಎದ್ದು, "ಎರಡು ಸಲ ಔಷಧಿ ಹೊಡೆಸಿದರೂ ಕೊಳೆ ಬಂತಲ್ಲ ಮಾರಾಯ್ರೆ, ಯಾಕೆ?" ಅಂದರು. ಅವರು ಬಂದಿದ್ದೇ ಅದನ್ನು ಕೇಳುವುದಕ್ಕೆ. ಉತ್ತರ ನನ್ನ ಹತ್ತಿರ ಇತ್ತು, ಹೇಳಿರಲಿಲ್ಲ.

ಮುಂದಿನ ಸಭೆಯಲ್ಲಿ ಆ ಪ್ರಶ್ನೆಯಿಂದಲೇ ಶುರು ಮಾಡಿದೆ. ಪ್ಲಾಸ್ಟಿಕ್ ಬಕೆಟ್, ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ತಗೊಂಡು ಹೋದೆ. ಇವೆರಡನ್ನು ಬೆರೆಸಿ ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣದ ಲೆಕ್ಕ ಬೆಳೆಗಾರರಿಗೆಲ್ಲ ಗೊತ್ತು: 100 ಲೀಟರ್ ನೀರಿಗೆ ಎರಡೂ ಒಂದೊಂದು ಕೆಜಿ. ನಾನು ಬೇಕೆಂದೇ ಸುಣ್ಣ ಕಡಿಮೆ ಹಾಕಿ, ಒಬ್ಬರ ಕತ್ತಿ ಅದ್ದಿಸಿದೆ. ಸ್ವಲ್ಪ ಹೊತ್ತಿಗೆ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿತು. ಹಿಂದೆ ಕೂತವರೂ ಎದ್ದು ಬಂದರು. ಸುಣ್ಣ ಸಾಲದಿದ್ದರೆ ತಾಮ್ರ ಕರಗಿಯೇ ಉಳಿಯುತ್ತದೆ, ಮಳೆಗೆ ತೊಳೆದುಹೋಗುತ್ತದೆ ಅಂದೆ. "ನಮ್ಮ ಸುಣ್ಣ ಹಳೇದಾಗಿತ್ತು" ಅಂತ ಒಬ್ಬರು ತಾವೇ ಹೇಳಿದರು. ರೋಗಾಣು ಕಾಯಿ ಮೇಲಿನ ನೀರಿನಲ್ಲಿ ಈಜುತ್ತದೆ, ಮಳೆ ಹಿಡಿದಾಗ ಕೊಳೆ ಜಾಸ್ತಿಯಾಗುವುದು ಅದಕ್ಕೇ ಅಂತ ಆಮೇಲೆ ಹೇಳಿದೆ. ಯಾರಿಗೂ ಕಷ್ಟ ಆಗಲಿಲ್ಲ.

ಉತ್ತರ 2
ನನ್ನ ವಿಷಯ ಅಂತರ್ಜಲ, ಕೋಲಾರದ ಕಡೆ. ಅಲ್ಲಿ ನೀರಿರುವುದು ಗಟ್ಟಿ ಕಲ್ಲಿನ ಬಿರುಕುಗಳಲ್ಲಿ, ಬಕೆಟ್‌ನಲ್ಲಿ ತೋರಿಸುವಂಥದ್ದಲ್ಲ. ಬೋರ್ಡ್ ಮೇಲೆ ಎರಡು ಗೆರೆ ಎಳೆದೆ, ಅಡ್ಡಕ್ಕೆ ವರ್ಷ, ಕೆಳಕ್ಕೆ ಆಳ. ಒಬ್ಬೊಬ್ಬರೂ ಬೋರ್‌ವೆಲ್ ಯಾವ ವರ್ಷ ಕೊರೆಸಿದ್ದು, ಎಷ್ಟು ಅಡಿಗೆ ನೀರು ಸಿಕ್ಕಿತು ಅಂತ ಹೇಳಿದ ಹಾಗೆ ಚುಕ್ಕಿ ಇಟ್ಟೆ. ವರ್ಷ ಕಳೆದಂತೆ ಚುಕ್ಕಿಗಳು ಕೆಳಗಿಳಿಯುತ್ತಾ ಹೋದವು. ನನ್ನ ಗ್ರಾಫೂ ಅದನ್ನೇ ಹೇಳುತ್ತಿತ್ತು, ಆದರೆ ಇದು ಅವರ ದುಡ್ಡು ಹೋದ ಗ್ರಾಫ್ ಅಲ್ವಾ? ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಾನೂ ಸುಮ್ನೆ ನಿಂತೆ. ಆ ಮೌನವನ್ನು ತುಂಬಲು ಹೋಗಬೇಡಿ.

ಉತ್ತರ 3
ಕೋಲ್ಮನ್ ಅವರ ಕಥೆ ಎರಡು ನಿಮಿಷ ಹೇಳಿ. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ಕೊಳೆಯನ್ನು ಅಧ್ಯಯನ ಮಾಡಿದವರು ಅವರು. ಮತ್ತೆ, ನಿಮಗೆ ಖಚಿತ ಇಲ್ಲದ್ದನ್ನು ಖಚಿತ ಅನ್ನಬೇಡಿ. ನಿಮ್ಮ ಮಾತು ನಂಬಿ ರೈತರು ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರಿಗೆ ಕೂಲಿ ಕೊಡುತ್ತಾರೆ.

ಕೇಳಿದವರು
ಎಲ್ಲರಿಗೂ ಧನ್ಯವಾದ. ಉದುರಿದ ಕೊಳೆಕಾಯಿಯನ್ನೇ ಕೈಗೆ ಕೊಟ್ಟು ಶುರು ಮಾಡಲಾ?

ಉತ್ತರ 1
ಮಾಡಿ. ಆದರೆ ಕವರಿನಲ್ಲಿ ಗಟ್ಟಿಯಾಗಿ ಕಟ್ಟಿ ತನ್ನಿ. ಮುಗಿದ ಮೇಲೆ ಎಣಿಸಿ ವಾಪಸ್ ತಗೊಂಡು ಸುಟ್ಟುಬಿಡಿ, ಒಂದು ಕಾಯಿಯೂ ಯಾರ ತೋಟಕ್ಕೂ ಹೋಗಬಾರದು.