ಬಿಸಿಗೆ ಒಡ್ಡಿದ ಹಸಿರು ಪಾಚಿಯಲ್ಲಿ ಆಮ್ಲಜನಕ ಇಳಿಯುವುದೇಕೆ?

ಪ್ರಶ್ನೆ: ನಮಸ್ಕಾರ ಮೇಡಂ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಸಿದ ಕ್ಲಾಮಿಡೊಮೊನಾಸ್ ಪಾಚಿಯನ್ನು ಬೆಳಕಿನಲ್ಲಿ ಒಂದು ಗಂಟೆ 42 ಡಿಗ್ರಿಯಲ್ಲಿ ಇಟ್ಟಿದ್ದೆ. ಬಣ್ಣ ಮೊದಲಿನಷ್ಟೇ ಹಸಿರಾಗಿದೆ, ಪತ್ರಹರಿತ್ತಿನ ಪ್ರಮಾಣವೂ ಕಡಿಮೆಯಾಗಿಲ್ಲ. ಆದರೆ ಆಮ್ಲಜನಕದ ಬಿಡುಗಡೆ ಬಹಳ ಇಳಿದಿದೆ. ಯಾವ ಪ್ರೋಟೀನು ಹಾಳಾಗಿರಬಹುದು?

ಉತ್ತರ: ಬಣ್ಣವನ್ನು ನಂಬಿ ತೀರ್ಮಾನಿಸಬೇಡಿ. ಬಿಸಿಗೆ ಮೊದಲು ಸೋಲುವುದು ಪತ್ರಹರಿತ್ತಲ್ಲ, ಬೆಳಕಿನ ಶಕ್ತಿಯಿಂದ ಎಲೆಕ್ಟ್ರಾನು ಹರಿಸುವ ಫೋಟೋಸಿಸ್ಟಂ-2 ಎಂಬ ಪ್ರೋಟೀನು ಸಮೂಹ. ಅದರಲ್ಲೂ ನೀರನ್ನು ಒಡೆದು ಆಮ್ಲಜನಕ ಹೊರಬಿಡುವ ಭಾಗ. ಅಲ್ಲಿ 4 ಮ್ಯಾಂಗನೀಸ್ ಮತ್ತು 1 ಕ್ಯಾಲ್ಸಿಯಂ ಪರಮಾಣುಗಳನ್ನುಳ್ಳ ಗುಚ್ಛವೊಂದಿದ್ದು, ಕ್ಲೋರೋಪ್ಲಾಸ್ಟ್ (ದ್ಯುತಿಸಂಶ್ಲೇಷಣೆ ನಡೆಯುವ ಕೋಶಭಾಗ) ಒಳಗಿನ ಥೈಲಕಾಯ್ಡ್ ಪೊರೆಯ ಒಳಮಗ್ಗುಲಿಗೆ ಅಂಟಿಕೊಂಡ ಪಿಎಸ್‌ಬಿಒ, ಪಿಎಸ್‌ಬಿಪಿ, ಪಿಎಸ್‌ಬಿಕ್ಯೂ ಎಂಬ ಪ್ರೋಟೀನುಗಳು ಅದನ್ನು ಭದ್ರವಾಗಿ ಹಿಡಿದಿರುತ್ತವೆ. ಬಿಸಿ ಏರಿದಂತೆ ಪೊರೆ ಸಡಿಲವಾಗಿ, ಈ ಪ್ರೋಟೀನುಗಳು ಕಳಚಿಕೊಂಡು, ಮ್ಯಾಂಗನೀಸ್ ಹೊರಬೀಳುತ್ತದೆ. ಆಗ ಬೆಳಕನ್ನು ಹೀರಲು ಪತ್ರಹರಿತ್ತು ಸಿದ್ಧವಾಗಿದ್ದರೂ ನೀರಿನಿಂದ ಎಲೆಕ್ಟ್ರಾನು ಬರುವುದಿಲ್ಲ. ಆ ಎಲೆಕ್ಟ್ರಾನುಗಳನ್ನು ಮುಂದೆ ಪಡೆಯುವ ಫೋಟೋಸಿಸ್ಟಂ-1 ಇದಕ್ಕಿಂತ ಹೆಚ್ಚು ಬಿಸಿ ತಾಳುತ್ತದೆ. ಇಂಗಾಲವನ್ನು ಹಿಡಿಯುವ ಕಡೆ ರುಬಿಸ್ಕೋ ಎಂಬ ಕಿಣ್ವ ಸಾಕಷ್ಟು ಗಟ್ಟಿಯಾಗಿದ್ದರೂ ಅದನ್ನು ಚಾಲನೆಯಲ್ಲಿಡುವ ರುಬಿಸ್ಕೋ ಆಕ್ಟಿವೇಸ್ ಮಾತ್ರ ಬಿಸಿಗೆ ಬಹಳ ಸೂಕ್ಷ್ಮ.

ಇನ್ನೊಂದು ಮಾತು. ಬಿಸಿಯಲ್ಲಿ ಉಸಿರಾಟದ ವೇಗವೂ ಬದಲಾಗುವುದರಿಂದ, ಕತ್ತಲಲ್ಲಿ ಆಮ್ಲಜನಕ ಎಷ್ಟು ಖರ್ಚಾಗುತ್ತದೆ ಎಂಬುದನ್ನು ಅಳೆದು ಲೆಕ್ಕಕ್ಕೆ ಸೇರಿಸಿದ್ದೀರಾ? ಅನೇಕರು ಇದನ್ನು ಮರೆಯುತ್ತಾರೆ.

ಪ್ರಶ್ನೆ: ಸೇರಿಸಿದ್ದೇನೆ ಮೇಡಂ. ಪ್ರೋಟೀನಿನ ಪ್ರಮಾಣ ತೋರಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಫೋಟೋಸಿಸ್ಟಂ-2ರ ತಿರುಳಿನಲ್ಲಿರುವ ಡಿ1 ಪ್ರೋಟೀನೂ ಕಡಿಮೆ ಕಾಣುತ್ತಿದೆ. ಇದು ಬಿಸಿಯ ನೇರ ಪರಿಣಾಮವೇ?

ಉತ್ತರ: ಅಷ್ಟರಿಂದಲೇ ಹಾಗೆ ಹೇಳಲಾಗದು. ಡಿ1 ಮಾಮೂಲಿ ಬೆಳಕಿನಲ್ಲಿಯೂ ಕೆಡುತ್ತಲೇ ಇರುತ್ತದೆ. ಕೆಟ್ಟದ್ದನ್ನು ಎಫ್‌ಟಿಎಸ್‌ಎಚ್ ಪ್ರೋಟಿಯೇಸ್ ಕತ್ತರಿಸಿ ತೆಗೆಯುತ್ತದೆ, ಆ ಜಾಗಕ್ಕೆ ಕ್ಲೋರೋಪ್ಲಾಸ್ಟ್ ಹೊಸದನ್ನು ತಯಾರಿಸಿ ಕೂರಿಸುತ್ತದೆ. ಬಿಸಿಯಲ್ಲಿ ಹಾನಿ ಹೆಚ್ಚುವುದರ ಜೊತೆಗೆ ಈ ದುರಸ್ತಿಯೂ ನಿಧಾನವಾಗುತ್ತದೆ. ನಿಮ್ಮ ಬ್ಲಾಟ್ ತೋರಿಸುವುದು ಇವೆರಡರ ಒಟ್ಟು ಫಲವನ್ನು ಮಾತ್ರ.

ಹಾಗಾಗಿ ಒಂದು ಮಾದರಿಯನ್ನು 42 ಡಿಗ್ರಿಯಲ್ಲೇ ಕತ್ತಲಲ್ಲಿ ಇಡಿ. ಬೆಳಕಿನ ಪಾಲು ಎಷ್ಟೆಂದು ಅದರಿಂದ ತಿಳಿಯುತ್ತದೆ. ಬೆಳಕಿನಲ್ಲಿಡುವ ಇನ್ನೊಂದಕ್ಕೆ, ಕ್ಲೋರೋಪ್ಲಾಸ್ಟಿನಲ್ಲಿ ಪ್ರೋಟೀನು ತಯಾರಿಯನ್ನು ತಡೆಯುವ ಲಿಂಕೊಮೈಸಿನ್ ಸೇರಿಸಿ. ಆಗ ದುರಸ್ತಿ ನಿಂತು ಹಾನಿಯ ವೇಗವಷ್ಟೇ ಕಾಣುತ್ತದೆ. ಬ್ಲಾಟಿನಲ್ಲಿ ಎಚ್‌ಎಸ್‌ಪಿ70ಬಿ ಪ್ರೋಟೀನನ್ನೂ ನೋಡಿ. ಬಿಸಿ ತಗುಲಿದಾಗ ಹೆಚ್ಚಾಗುವ, ಫೋಟೋಸಿಸ್ಟಂ-2ರ ರಕ್ಷಣೆಗೂ ದುರಸ್ತಿಗೂ ನೆರವಾಗುವ ಅದು ಏರಿಲ್ಲವಾದರೆ, ನಿಮ್ಮ ಕೋಶಗಳು ಬಿಸಿಗೆ ಪ್ರತಿಕ್ರಿಯಿಸುವ ಸ್ಥಿತಿಯಲ್ಲೇ ಇರಲಿಲ್ಲವೇ ಎಂದು ಮೊದಲು ಪರೀಕ್ಷಿಸಬೇಕಾಗುತ್ತದೆ.