ಹೋಟೆಲ್ ಲಾಬಿಗೆ ಡಿಜಿಟಲ್ ಗೋಡೆ: ಮಾಡಿದವರು ಅನುಭವ ಹೇಳಿ

ಕೇಳಿದ್ದು: ಬಳ್ಳಾರಿಯಲ್ಲಿ ಹೊಸ ಹೋಟೆಲೊಂದರ ಲಾಬಿ ಕೆಲಸ ಒಪ್ಪಿಕೊಂಡಿದ್ದೇನೆ. ಮುಂಭಾಗ ಪೂರ್ತಿ ಗಾಜು, ಪಶ್ಚಿಮಕ್ಕೆ ಮುಖ. ಕೈ ಆಡಿಸಿದರೆ ಚಿತ್ರ ಬದಲಾಗುವ ಗೋಡೆ ಬೇಕು ಅಂತಾರೆ ಮಾಲೀಕರು. ಪ್ರೊಜೆಕ್ಟರಾ, ಸ್ಕ್ರೀನಾ? ಏನು ತೋರಿಸಲಿ?

ಕೊಪ್ಪಳದಿಂದ, ಡಿಸೈನರ್: ಪಶ್ಚಿಮಕ್ಕೆ ಗಾಜು ಅಂದಮೇಲೆ ಪ್ರೊಜೆಕ್ಟರ್ ಆಸೆ ಬಿಡಿ ಸರ್. ಸಂಜೆ ಬಿಸಿಲು ಬಿದ್ದರೆ ಚಿತ್ರ ಮಸುಕಾಗಿಬಿಡುತ್ತದೆ. ಕೈ ಗುರುತಿಸುವ ಸೆನ್ಸರ್‌ಗೂ ಅದೇ ಕಾಟ. ಅವುಗಳಲ್ಲಿ ಹೆಚ್ಚಿನವು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟು ದೂರ ಅಳೆಯುತ್ತವೆ. ಬಿಸಿಲಲ್ಲೂ ಆ ಬೆಳಕು ತುಂಬಿರುತ್ತದೆ. ಹಾಗಾಗಿ ಎದುರಿಗೆ ನಿಂತು ಕೈ ಬೀಸಿದರೂ ಗೋಡೆ ಸುಮ್ನೆ ಇರುತ್ತದೆ. ಸಾಧ್ಯವಿದ್ದರೆ ಒಳಗೆ, ಲಿಫ್ಟ್ ಕಡೆ ಸರಿಸಿ. ಆಗದಿದ್ದರೆ ದಿನವಿಡೀ ಓಡುವ ಕಮರ್ಷಿಯಲ್ ಟಚ್ ಸ್ಕ್ರೀನ್ ಹಾಕಿ, ಅದರ ಹೊಳಪು 700 ನಿಟ್ಸ್‌ಗಿಂತ ಕಡಿಮೆ ಬೇಡ. ಮನೆ ಟಿವಿ ಬೇಡವೇ ಬೇಡ.

ನನಗಂತೂ ಕೈ ಬೀಸೋದಕ್ಕಿಂತ ಮುಟ್ಟೋದೇ ಸರಿ ಅನ್ನಿಸುತ್ತದೆ. ದೊಡ್ಡವರು ನಾಲ್ಕು ಜನರ ಮುಂದೆ ಕೈ ಬೀಸಲು ಸಂಕೋಚಪಡುತ್ತಾರೆ. ಮೊದಲು ಮಕ್ಕಳು ಮುಟ್ಟುತ್ತಾರೆ, ಹಿಂದೆಯೇ ಅಪ್ಪ ಅಮ್ಮ ಬರುತ್ತಾರೆ. ಮುಟ್ಟುವ ಜಾಗ ಮಕ್ಕಳಿಗೂ ಗಾಲಿಕುರ್ಚಿಯಲ್ಲಿ ಕೂತವರಿಗೂ ಎಟುಕಲಿ.

ಇನ್ನು ಚಿತ್ರ. ಎಲ್ಲರೂ ಹಂಪಿಯ ಕಲ್ಲಿನ ರಥ ಹಾಕುತ್ತಾರೆ. ಆದರೆ ಅತಿಥಿ ಮರುದಿನ ಅದನ್ನೇ ಕಣ್ಣಾರೆ ನೋಡಲು ಹೊರಟವರು, ಅಲ್ವಾ? ನಿಮ್ಮ ಊರ ಪಕ್ಕದಲ್ಲೇ ಸಂಗನಕಲ್ಲು ಗುಡ್ಡ ಇದೆ. ನವಶಿಲಾಯುಗದ ಜನ ಬಂಡೆಗಳ ಮೇಲೆ ದನ, ಗೂಳಿಗಳನ್ನು ಕೊರೆದ ಜಾಗ. ಅಲ್ಲಿನ ಕೆಲವು ಕಪ್ಪು ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆ ಬಾರಿಸಿದ ಹಾಗೆ ನಾದ ಬರುತ್ತದೆ! ಪರದೆ ಮೇಲೆ ಬಂಡೆ ಮುಟ್ಟಿದರೆ ಆ ನಾದ, ಜೊತೆಗೆ ಒಂದೊಂದೇ ಗೆರೆಯಾಗಿ ಗೂಳಿ ಮೂಡಬೇಕು. ಮೊದಲು ನಿಮ್ಮ ಊರಿನಲ್ಲೇ ಇರುವ, ಸಂಗನಕಲ್ಲಿನ ವಸ್ತುಗಳನ್ನಿಟ್ಟ ರಾಬರ್ಟ್ ಬ್ರೂಸ್ ಫೂಟ್ ಮ್ಯೂಸಿಯಂಗೆ ಹೋಗಿ ಬನ್ನಿ. ನಾದ ರೆಕಾರ್ಡ್ ಮಾಡಲು ಅನುಮತಿ ಪಡೆಯಿರಿ, ಕೊರೆದ ಚಿತ್ರಗಳ ಮೇಲೆ ಯಾರೂ ಬಡಿಯದಂತೆ ನೋಡಿಕೊಳ್ಳಿ.

ರಾಯಚೂರಿನಿಂದ, ರಿಸೆಪ್ಷನ್‌ನಲ್ಲಿ ಕೆಲಸ: ನಾದ ಚೆನ್ನಾಗಿದೆ ಸರ್, ಆದರೆ ಮುಟ್ಟಿದಾಗ ಮಾತ್ರ ಬರಲಿ. ದಿನವಿಡೀ ಅದೇ ಟ್ಯೂನ್ ಕೇಳಿದರೆ ನಮಗೆ ತಲೆನೋವು, ಫೋನಲ್ಲಿ ಗೆಸ್ಟ್ ಮಾತೂ ಕೇಳಿಸಲ್ಲ. ವಾಲ್ಯೂಮ್ ಬಟನ್ ಕೌಂಟರ್ ಹತ್ತಿರವೇ ಕೊಡಿ. ಮದುವೆ ಪಾರ್ಟಿ ಬಂದ ದಿನ ಬೇಕಾಗುತ್ತದೆ. ಆಧಾರ್ ಕೊಟ್ಟು ಕೀ ಸಿಗುವವರೆಗೆ ಗೆಸ್ಟ್ ನಿಲ್ಲೋದು ಸ್ವಲ್ಪ ಹೊತ್ತು. ಅಷ್ಟರಲ್ಲಿ ಮುಗಿಯಬೇಕು. ಬರಹ ಇದ್ದರೆ ಕನ್ನಡ ಮೇಲೆ, ತೆಲುಗೂ ಇರಲಿ.

ಬಳ್ಳಾರಿಯಿಂದ, ಎಲೆಕ್ಟ್ರಿಕಲ್ ಕೆಲಸ: ಸ್ಕ್ರೀನ್ ಓಡಿಸುವ ಕಂಪ್ಯೂಟರನ್ನು ಗೋಡೆಯೊಳಗೆ ಕೂರಿಸಿ ಪ್ಲೈವುಡ್ ಹೊಡೆದು ಮುಚ್ಚಬೇಡಿ. ನಮ್ಮ ಬೇಸಿಗೆ, ನಮ್ಮ ಧೂಳು ಗೊತ್ತಲ್ಲ. ಗಾಳಿಯಾಡಲು ಕಿಂಡಿ, ತೊಳೆಯುವಂಥ ಫಿಲ್ಟರ್, ಮುಂದಿನಿಂದಲೇ ತೆರೆಯುವ ಬಾಗಿಲು ಇಡಿಸಿ. ಯುಪಿಎಸ್ ಬೇಕೇ ಬೇಕು. ಕರೆಂಟ್ ಹೋಗಿ ಬಂದರೆ ಕಂಪ್ಯೂಟರ್ ತಾನಾಗಿ ಆನ್ ಆಗಿ ಪ್ರೋಗ್ರಾಂ ತೆರೆಯುವಂತೆ, ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ ಬಯೋಸ್‌ನಲ್ಲೂ ವಿಂಡೋಸ್‌ನಲ್ಲೂ ಸೆಟ್ ಮಾಡಿ. ಇಲ್ಲದಿದ್ದರೆ ರಾತ್ರಿ ಪಾಳಿಯವರು ನಿಮಗೇ ಫೋನ್ ಮಾಡುತ್ತಾರೆ. ವರ್ಷದ ಮೇಂಟೆನೆನ್ಸ್ ದುಡ್ಡನ್ನು ಕೊಟೇಶನ್‌ನಲ್ಲೇ ಬರೆಯಿರಿ, ಆಮೇಲೆ ಕೇಳಿದರೆ ಯಾರೂ ಕೊಡಲ್ಲ.