ಬಲ ಜಾಸ್ತಿ ಇದ್ದರೂ ಎದುರಾಳಿ ಯಾಕೆ ಹೆದರಲ್ಲ? (ಫಾಕ್ಲೆಂಡ್ಸ್, 1982)

ಓದುಹುಳ: ಪರೀಕ್ಷೆಗೆ ಓದುತ್ತಿದ್ದೇನೆ. ಡಿಟರೆನ್ಸ್ ಅಂದರೆ 'ಮೈಮೇಲೆ ಬಂದರೆ ಬಿಡಲ್ಲ' ಅಂತ ಮೊದಲೇ ಹೆದರಿಸಿ ಇಡೋದು, ಅಷ್ಟು ಗೊತ್ತಾಯಿತು. ಆದರೆ ಬ್ರಿಟನ್ ಹತ್ತಿರ ಅಣುಬಾಂಬೇ ಇತ್ತಲ್ವಾ? ಆದರೂ ಅರ್ಜೆಂಟೀನಾ ತನ್ನದು ಅನ್ನುತ್ತಿದ್ದ, ಬ್ರಿಟನ್ ಆಳುತ್ತಿದ್ದ ದಕ್ಷಿಣ ಅಟ್ಲಾಂಟಿಕ್‌ನ ದ್ವೀಪಗಳಾದ ಫಾಕ್ಲೆಂಡ್ಸ್‌ಗೆ ನುಗ್ಗಿತು. ಹುಚ್ಚು ಧೈರ್ಯವಾ?

ಬಾಯ್ಲರ್ ರೂಮ್: ಹುಚ್ಚೇನಲ್ಲ ತಮ್ಮಾ. ಬ್ಯೂನಸ್ ಐರಿಸ್‌ನಲ್ಲಿ ಕೂತು ನೋಡು. 1976ರಲ್ಲೇ ಅರ್ಜೆಂಟೀನಾದವರು ಅದೇ ಕಡಲಿನ, ಬ್ರಿಟನ್ ತನ್ನದು ಅನ್ನುತ್ತಿದ್ದ ದಕ್ಷಿಣ ಥೂಲೆ ಅನ್ನೋ ದ್ವೀಪದಲ್ಲಿ ಬೀಡು ಬಿಟ್ಟರು. ಲಂಡನ್ ಆಕ್ಷೇಪಣೆ ಸಲ್ಲಿಸಿ ಸುಮ್ಮನಾಯಿತು. 1981ರಲ್ಲಿ ರಕ್ಷಣಾ ಸಚಿವ ಜಾನ್ ನಾಟ್ ಖರ್ಚು ಕಡಿತಕ್ಕೆ ಇಳಿದರು. ಆ ಕಡಲಲ್ಲಿ ಗಸ್ತಿಗಿದ್ದ ಎಂಡ್ಯೂರೆನ್ಸ್ ಹಡಗನ್ನು ವಾಪಸ್ ಕರೆಸ್ತೀವಿ ಅಂದರು. ಅದೇ ವರ್ಷದ ಕಾನೂನಿನಲ್ಲಿ ಎಷ್ಟೋ ದ್ವೀಪವಾಸಿಗಳಿಗೆ ಪೂರ್ತಿ ಬ್ರಿಟಿಷ್ ಪೌರತ್ವವೂ ಸಿಗಲಿಲ್ಲ. ಲಂಡನ್‌ಗೆ ಇದೆಲ್ಲ ಬೇರೆ ಬೇರೆ ಕಚೇರಿಗಳ ಬೇರೆ ಬೇರೆ ಫೈಲು. ಅರ್ಜೆಂಟೀನಾದ ಸೇನಾ ಆಡಳಿತದ ಮುಖ್ಯಸ್ಥ ಗಾಲ್ಟಿಯೇರಿಗೆ ಮಾತ್ರ ಒಂದೇ ಅರ್ಥ: ಇವರಿಗೆ ಈ ದ್ವೀಪ ಬೇಡವಾಗಿದೆ.

1977ರ ಕಥೆ ಇನ್ನೂ ಚೆನ್ನಾಗಿದೆ. ದ್ವೀಪಗಳ ಬಗ್ಗೆ ಮಾತುಕತೆ ಹೊತ್ತಿಗೆ ಏನಾದರೂ ಎಡವಟ್ಟಾದೀತು ಅಂತ ಬ್ರಿಟನ್ ಪ್ರಧಾನಿ ಕ್ಯಾಲಹನ್ ಸರ್ಕಾರ ಡ್ರೆಡ್‌ನಾಟ್ ಅನ್ನೋ ಅಣುಶಕ್ತಿ ಸಬ್‌ಮರೀನನ್ನೂ ಎರಡು ಯುದ್ಧನೌಕೆಗಳನ್ನೂ ದಕ್ಷಿಣಕ್ಕೆ ಕಳಿಸಿತ್ತು. ಅದೂ ಗುಟ್ಟಾಗಿ! ಅರ್ಜೆಂಟೀನಾಕ್ಕೆ ಇದು ತಿಳಿದಿತ್ತು ಅನ್ನೋದಕ್ಕೆ ಯಾವ ಪುರಾವೆಯೂ ಇಲ್ಲ ಅಂತ ಯುದ್ಧದ ನಂತರದ ಬ್ರಿಟನ್‌ನ ಫ್ರಾಂಕ್ಸ್ ವಿಚಾರಣಾ ಸಮಿತಿ ಬರೆಯಿತು. ಕಾಣದ ದೊಣ್ಣೆಗೆ ಯಾರು ಹೆದರ್ತಾರೆ?

ಮೂಲೆಮನೆ: ಇದನ್ನೆಲ್ಲ 'ತಪ್ಪು ತಿಳಿವಳಿಕೆ' ಅಂತ ತೇಲಿಸಬೇಡಿ ಸರ್. ಮಾರ್ಚ್ 30ಕ್ಕೆ ಬ್ಯೂನಸ್ ಐರಿಸ್‌ನಲ್ಲಿ ಕಾರ್ಮಿಕರು ಬೀದಿಗಿಳಿದಿದ್ದರು, ಬೆಲೆ ಏರಿ ಕೂತಿತ್ತು. ಜನರಲ್‌ಗಳಿಗೆ ಗಮನ ಬೇರೆ ಕಡೆ ತಿರುಗಿಸಬೇಕಿತ್ತು, ಅಷ್ಟೇ.

ಬಾಯ್ಲರ್ ರೂಮ್: ಒಪ್ಪಿದೆ, ಅದೂ ಇತ್ತು. ಆದರೆ ಸೋತು ಬರೋಕೆ ಯಾರೂ ಯುದ್ಧಕ್ಕೆ ಹೋಗಲ್ಲ. ಬ್ರಿಟನ್ ಅಷ್ಟು ದೂರದಿಂದ ಬರಲ್ಲ, ಅಮೆರಿಕ ತಟಸ್ಥವಾಗಿರುತ್ತೆ ಅಂತ ನಂಬಿದ್ದಕ್ಕೇ ಏಪ್ರಿಲ್ 2ಕ್ಕೆ ಇಳಿದರು. ಲಂಡನ್ ಏನು ಕಮ್ಮಿ? ಅರ್ಜೆಂಟೀನಾ ಮೊದಲು ವಿಮಾನ, ಸಾಮಾನು ಸರಬರಾಜು ನಿಲ್ಲಿಸುತ್ತೆ, ಹಂತ ಹಂತವಾಗಿ ಬಿಗಿ ಮಾಡುತ್ತೆ ಅಂತ ಕಾಯುತ್ತಾ ಕೂತಿತ್ತು. ಮಾರ್ಚ್‌ನಲ್ಲಿ ಬ್ರಿಟನ್ ಆಳುತ್ತಿದ್ದ ಇನ್ನೊಂದು ದ್ವೀಪ ದಕ್ಷಿಣ ಜಾರ್ಜಿಯಾಕ್ಕೆ ಗುಜರಿ ಕೆಲಸಗಾರರು ಬಂದು ಅರ್ಜೆಂಟೀನಾ ಬಾವುಟ ಹಾರಿಸಿದಾಗ ಎಂಡ್ಯೂರೆನ್ಸ್‌ನಲ್ಲಿ ಒಂದಷ್ಟು ಮರೀನ್‌ಗಳನ್ನು ಅಲ್ಲಿಗೆ ಅಟ್ಟಿದರು. ಹೆದರಿಸೋಕೆ ಅಂತ ಮಾಡಿದ್ದು. ಆಚೆಯವರು 'ಇನ್ನೂ ಪಡೆ ಬರುತ್ತೆ, ತಡ ಮಾಡಿದರೆ ಕೆಟ್ಟೆವು' ಅಂತ ಮಾರ್ಚ್ 26ಕ್ಕೇ ದಾಳಿ ನಿರ್ಧರಿಸಿದರು.

ಅವರು ಇನ್ನೊಂದೆರಡು ವರ್ಷ ತಡೆದಿದ್ದರೆ? ಬ್ರಿಟನ್‌ನ ಇನ್ವಿನ್ಸಿಬಲ್ ವಿಮಾನವಾಹಕ ನೌಕೆ ಆಸ್ಟ್ರೇಲಿಯಾಕ್ಕೆ ಮಾರಾಟವಾಗುವುದರಲ್ಲಿತ್ತು. ಇನ್ನೊಂದು ವಿಮಾನವಾಹಕ ಹರ್ಮಿಸ್‌ಗೂ ನಿವೃತ್ತಿ ಹತ್ತಿರವಾಗಿತ್ತು. ಆ ಯುದ್ಧದಲ್ಲಿ ಮುಂದಾಳಾಗಿ ಹೋದ ಹರ್ಮಿಸ್ಸೇ 1987ರಲ್ಲಿ ನಮ್ಮ ನೌಕಾಪಡೆಯ ವಿರಾಟ್ ಆಯಿತು. ಅದರ ಬಾಯ್ಲರ್ ರೂಮ್ ಸೆಕೆಯಲ್ಲಿ ಬೆಂದವನು ನಾನು, ಹಾಗಾಗಿ ಈ ವಿಷಯ ಬಂದರೆ ಮಾತು ಉದ್ದ ಆಗುತ್ತೆ.

ಓದುಹುಳ: ಹಾಗಾದರೆ ಎಂಡ್ಯೂರೆನ್ಸ್ ಉಳಿಸಿಕೊಂಡಿದ್ದರೆ ಸಾಕಿತ್ತಾ ಸರ್?

ಬಾಯ್ಲರ್ ರೂಮ್: ಅದೊಂದರಿಂದಲೇ ಸಾಕಾಗುತ್ತಿತ್ತು ಅಂತ ನನಗನಿಸಲ್ಲ, ಅದೊಂದು ಸಣ್ಣ ಹಡಗು. ಆದರೆ ವಾಪಸ್ ಕರೆಸ್ತೀವಿ ಅಂತ ಸಾರಿ ಹೇಳಿದ್ದು ಮಾತ್ರ ದುಬಾರಿಯಾಯಿತು. ಪರೀಕ್ಷೆಗೆ ಫ್ರಾಂಕ್ಸ್ ವರದಿಯನ್ನೇ ಓದು, 1983ರ ಜನವರಿಯದು.